ಮರಳಿ ಬಂದ ಅರ್ಬುದ, ಬದಲಾದ ಹೆಸರು

ಕನ್ನಡ ಸಾಹಿತ್ಯವನ್ನು ಬೋಧಿಸಿ ನಿವೃತ್ತನಾದವನು ರೋಗದ ಚರಿತ್ರೆಯನ್ನು ಹೇಳಹೊರಡುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಶಬ್ದಗಳ ಬೆನ್ನುಹತ್ತಿ ಅವುಗಳ ಅರ್ಥ ಕಾಲಕಾಲಕ್ಕೆ ಹೇಗೆ ಬದಲಾಯಿತೆಂದು ನೋಡುವುದು ನಮ್ಮಂಥವರ ಕಸುಬು. ರೋಗಗಳ ಹೆಸರುಗಳೂ ಶಬ್ದಗಳೇ ಆದುದರಿಂದ ಆ ಚರಿತ್ರೆಯಲ್ಲಿ ನಮಗೂ ಒಂದು ಸಣ್ಣ ಪಾಲುಂಟು. ಇಂದು ನಾನು ಹೇಳಬೇಕೆಂದಿರುವುದು ಸ್ತ್ರೀಯರ ಅಂಡಾಶಯದಲ್ಲಿ ಹುಟ್ಟುವ ಅರ್ಬುದದ ವಿಷಯ. ಅರ್ಬುದವೆಂದರೆ ನಾವು ದಿನಬಳಕೆಯಲ್ಲಿ ಕ್ಯಾನ್ಸರ್ ಎನ್ನುತ್ತೇವಲ್ಲ, ಅದೇ. ಅದು ಒಮ್ಮೆ ಚಿಕಿತ್ಸೆಗೆ ಮಣಿದು, ಕೆಲಕಾಲದ ಮೇಲೆ ಮರಳಿ ಬಂದಾಗ, ಕೆಲವೊಮ್ಮೆ ಮೊದಲಿನ ಜಾತಿಯದಾಗಿರದೆ ಬೇರೊಂದು ಜಾತಿಯ ಗಂತಿಯಾಗಿ ಕಾಣಿಸಿಕೊಳ್ಳುತ್ತದೆ. ಇದು ವಿರಳವಾದ ಸಂಗತಿಯೇ ಸರಿ. ಆದರೂ ಈ ವಿರಳ ಸಂಗತಿಯನ್ನು ಮನುಷ್ಯ ಅರ್ಥಮಾಡಿಕೊಂಡ ಬಗೆಯಲ್ಲಿ ನಮ್ಮೆಲ್ಲರಿಗೂ ಬೇಕಾದ ಒಂದು ವಿವೇಕವಿದೆ.

ಅರ್ಬುದವೆಂಬ ಸಂಸ್ಕೃತ ಶಬ್ದಕ್ಕೆ ಒಂದು ದೊಡ್ಡ ಸಂಖ್ಯೆಯೆಂಬ ಅರ್ಥವೂ ಉಂಟು. ರಾಜಸ್ಥಾನದ ಆಬೂ ಪರ್ವತಕ್ಕೂ ಅದೇ ಹೆಸರು. ವೈದ್ಯರು ಅದನ್ನು ದೇಹದೊಳಗಿನ ಗಡ್ಡೆಗೆ ಬಳಸಿದರು. ಸುಶ್ರುತಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯ ಗ್ರಂಥಿ, ಅಪಚಿ, ಅರ್ಬುದ, ಗಲಗಂಡಗಳಿಗೆ ಮೀಸಲಾಗಿದೆ. ದುಂಡಗೆ, ಗಟ್ಟಿಯಾಗಿ, ಆಳಕ್ಕೆ ಬೇರೂರಿ, ಮೆಲ್ಲನೆ ಬೆಳೆದು, ಕೀವುಗಟ್ಟದೆ ಉಳಿಯುವ ಮಾಂಸದ ಉಬ್ಬು ಅರ್ಬುದವೆಂದು ಅಲ್ಲಿ ಲಕ್ಷಣ ಹೇಳಿ, ಅದರಲ್ಲಿ ಆರು ಬಗೆಗಳನ್ನು ಗುರುತಿಸಲಾಗಿದೆ. ಅಷ್ಟಕ್ಕೇ ನಿಲ್ಲದೆ ಗ್ರಂಥಕಾರ ಇನ್ನೆರಡು ಹೆಸರುಗಳನ್ನು ಕೊಡುತ್ತಾನೆ. ಮೊದಲು ಹುಟ್ಟಿದ ಅರ್ಬುದದ ಮೇಲೆ ಮತ್ತೊಂದು ಹುಟ್ಟಿದರೆ ಅದು ಅಧ್ಯರ್ಬುದ. ಎರಡು ಅರ್ಬುದಗಳು ಒಟ್ಟಿಗೇ ಆಗಲಿ, ಒಂದಾದ ಮೇಲೊಂದಾಗಲಿ ಹುಟ್ಟಿದರೆ ಅದು ದ್ವಿರರ್ಬುದ. ಅದು ಅಸಾಧ್ಯ, ಎಂದರೆ ಚಿಕಿತ್ಸೆಗೆ ಮೀರಿದ್ದು. ಚಿಕಿತ್ಸಾಸ್ಥಾನದಲ್ಲಿ ಇನ್ನೊಂದು ಎಚ್ಚರಿಕೆಯ ಮಾತಿದೆ: ದೋಷದ ಶೇಷವನ್ನುಳಿಸಿ ತೆಗೆದ ಅರ್ಬುದ ಬೇಗನೆ ಮರುಕಳಿಸಿ, ಆರದೆ ಉಳಿದ ಕಿಡಿಯ ಹಾಗೆ ರೋಗಿಯನ್ನು ಸುಡುತ್ತದೆ. ಸಾಲದ ಶೇಷ, ಬೆಂಕಿಯ ಶೇಷ, ರೋಗದ ಶೇಷ ಉಳಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತು ಇಲ್ಲಿ ನೆನಪಾಗುತ್ತದೆ.

ಇದನ್ನು ಹೇಳಿದ ಕೂಡಲೇ, ಇಂದಿನ ವಿಜ್ಞಾನವೆಲ್ಲ ಪೂರ್ವಿಕರಿಗೆ ಗೊತ್ತಿತ್ತೆಂದು ಬೀಗುವವರಿದ್ದಾರೆ. ನಾನು ಆ ಪಂಗಡದವನಲ್ಲ. ಸುಶ್ರುತನ ಅರ್ಬುದದಲ್ಲಿ ಇಂದಿನ ಕ್ಯಾನ್ಸರ್ ಸೇರಿದೆ, ನಿರಪಾಯದ ಗಡ್ಡೆಗಳೂ ಸೇರಿವೆ. ಕೈಗೆ ಸಿಕ್ಕುವ, ಕಣ್ಣಿಗೆ ಕಾಣುವ ಗಂತಿಗಳ ವಿಚಾರವೇ ಅಲ್ಲಿ ಹೆಚ್ಚು. ಹೊಟ್ಟೆಯ ಆಳದಲ್ಲಿ ಅಡಗಿರುವ ಅಂಡಾಶಯದ ಸುಳಿವು ಅದರಲ್ಲಿಲ್ಲ. ಆದರೂ ಮರಳಿ ಬಂದದ್ದನ್ನು ಹಳೆಯ ಹೆಸರಿನಿಂದಲೇ ಕರೆಯದೆ ಅದಕ್ಕೆ ಪ್ರತ್ಯೇಕವಾಗಿ ಒಂದು ಶಬ್ದವನ್ನು ಕೊಡಬೇಕೆನ್ನಿಸಿದ್ದು ಸಣ್ಣ ಮಾತಲ್ಲ. ನೋಡುವ ಕಣ್ಣು ಹರಿತವಾಗಿತ್ತು; ಉಪಕರಣ ಇರಲಿಲ್ಲ.

ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ಬರೆದ. ದನಕರುಗಳ ರೋಗಕ್ಕೂ ಕೀರ್ತಿವರ್ಮನ ಗೋವೈದ್ಯವಿದೆ. ಆದರೆ ಹಳ್ಳಿಯ ಹೆಣ್ಣುಮಗಳೊಬ್ಬಳು ಹೊಟ್ಟೆಯಲ್ಲಿ ಗಡ್ಡೆಯಾಗಿ ಪಟ್ಟ ಪಾಡು ಯಾವ ಓಲೆಗರಿಯಲ್ಲಿಯೂ ದಾಖಲಾದಂತಿಲ್ಲ.

ನಮ್ಮ ರಾಯಚೂರು ಜಿಲ್ಲೆಯನ್ನೇ ನೋಡಿ. ಹೊಟ್ಟೆಯ ನೋವಿನ ಒಂದು ಕಥೆ ಇಲ್ಲಿ ಮನೆಮನೆಗೂ ಗೊತ್ತು. ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಶ್ರೀನಿವಾಸಾಚಾರ್ಯರು ದೊಡ್ಡ ಪಂಡಿತರು. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪವೇ ನಿಜವಾಗಿ ಉದರವ್ಯಾಧಿ ಅವರನ್ನು ಹಿಡಿಯಿತು. ಕೊನೆಗೆ ದೇವದುರ್ಗದ ಕಡೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಾಲ್ವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ, ಆ ಶ್ರೀನಿವಾಸಾಚಾರ್ಯರೇ ಮುಂದೆ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ರಚಿಸಿದರೆಂದೂ ಐತಿಹ್ಯ. ಐತಿಹ್ಯದ ಸತ್ಯಾಸತ್ಯ ಹೇಗೇ ಇರಲಿ, ಹೊಟ್ಟೆಯ ಬೇನೆಯಿಂದ ನರಳಿದ ಪಂಡಿತರೊಬ್ಬರ ಕಥೆಯನ್ನು ಮಾನ್ವಿ, ದೇವದುರ್ಗಗಳ ಸೀಮೆ ಎರಡು ಶತಮಾನಗಳಿಗೂ ಮಿಕ್ಕಿ ಜೋಪಾನ ಮಾಡಿದೆ. ಅದೇ ಸೀಮೆಯಲ್ಲಿ ಹೊಟ್ಟೆ ಉಬ್ಬಿ, ಊಟ ಸೇರದೆ, ಕೈಕಾಲು ಬತ್ತಿ ಸತ್ತ ಹೆಂಗಸರೆಷ್ಟೋ! ಬಸಿರೆಂದರು, ಜಲೋದರವೆಂದರು, ಗುಲ್ಮವೆಂದರು, ಗಾಳಿ ಸೋಕಿತೆಂದರು. ಅವರ ಕಥೆಯನ್ನು ಯಾರೂ ಹಾಡಲಿಲ್ಲ.

ಜಗನ್ನಾಥದಾಸರು ಮಾನ್ವಿಯಲ್ಲಿ ಕಣ್ಮುಚ್ಚಿದ್ದು 1809ರಲ್ಲಿ. ಕಾಕತಾಳೀಯವೆನ್ನಿ, ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿ ಸೀಮೆಯ ಡ್ಯಾನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಅಂಡಾಶಯದ ಗಂತಿಯ ಚರಿತ್ರೆ ಹೊಸ ಹಾದಿ ಹಿಡಿಯಿತು. ಜೇನ್ ಟಾಡ್ ಕ್ರಾಫರ್ಡ್ ಎಂಬ ಗೃಹಿಣಿಯ ಹೊಟ್ಟೆ ಉಬ್ಬಿತ್ತು. ಅವಧಿ ಮೀರಿದ ಬಸಿರೆಂದು ಅಲ್ಲಿಯ ವೈದ್ಯರು ತಿಳಿದಿದ್ದರು. ಎಫ್ರೈಮ್ ಮೆಕ್‌ಡೊವೆಲ್ ಎಂಬ ಶಸ್ತ್ರವೈದ್ಯ ಪರೀಕ್ಷಿಸಿ ಇದು ಬಸಿರಲ್ಲ, ಅಂಡಾಶಯದ ಗಂತಿ ಎಂದ. ಆಕೆ ಸುಮಾರು 60 ಮೈಲಿಗಳ ದೂರವನ್ನು ಕುದುರೆಯ ಮೇಲೆ ಬಂದಳು. ಮತ್ತು ಬರಿಸುವ ಈಥರ್ ಬಳಕೆಗೆ ಬಂದದ್ದು 1846ರಲ್ಲಿ. ಆದ್ದರಿಂದ ಎಚ್ಚರವಾಗಿದ್ದಂತೆಯೇ, ದೇವರ ಸ್ತುತಿಗೀತೆಗಳನ್ನು ಹೇಳಿಕೊಳ್ಳುತ್ತ, ಆಕೆ ಆ ಶಸ್ತ್ರಕ್ರಿಯೆಯನ್ನು ಸಹಿಸಿದಳು. ಹೊರಬಂದ ಗಂತಿಯ ತೂಕ ಹತ್ತು ಕಿಲೋಗ್ರಾಮಿನಷ್ಟಿತ್ತು. ತಿಂಗಳು ತುಂಬುವ ಮೊದಲೇ ಆಕೆ ಮನೆಗೆ ಮರಳಿ, 1842ರವರೆಗೆ ಬದುಕಿದಳು. ಅಷ್ಟು ಕಾಲ ಬಾಳಿದ್ದನ್ನು ನೋಡಿದರೆ ಅದು ಕ್ಯಾನ್ಸರ್ ಆಗಿರಲಾರದು. ಆದರೂ ಹೊಟ್ಟೆಯನ್ನು ತೆರೆದರೆ ಸಾವೇ ಎಂಬ ಭಯವನ್ನು ಮುರಿದ ಕೀರ್ತಿಯಲ್ಲಿ ವೈದ್ಯನಷ್ಟೇ ಪಾಲು ಆ ತಾಯಿಗೂ ಸಲ್ಲಬೇಕು.

ಗಂತಿಯನ್ನು ತೆಗೆಯಬಹುದೆಂದು ತಿಳಿದ ಮೇಲೆ ಅದು ಯಾವ ಗಂತಿ ಎಂಬ ಪ್ರಶ್ನೆ ಎದ್ದಿತು. ಜರ್ಮನಿಯ ರುಡಾಲ್ಫ್ ಫಿರ್ಕೊ 1858ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರತಿ ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟಬೇಕೆಂಬ ತತ್ತ್ವವನ್ನು ರೋಗಕ್ಕೂ ಅನ್ವಯಿಸಿದ. ಅಲ್ಲಿಂದ ಮುಂದೆ ಗಂತಿಯ ಕುಲಗೋತ್ರಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಕೇಳುವ ಪದ್ಧತಿ ಬೆಳೆಯಿತು. ಸೂಕ್ಷ್ಮದರ್ಶಕವೂ ಮೊದಮೊದಲು ಜನರನ್ನು ದಾರಿ ತಪ್ಪಿಸಿದ್ದುಂಟು. 1896ರಲ್ಲಿ ಫ್ರೀಡ್ರಿಕ್ ಕ್ರುಕೆನ್‌ಬರ್ಗ್ ಎಂಬ ಜರ್ಮನ್ ವೈದ್ಯ ಅಂಡಾಶಯದಲ್ಲಿಯೇ ಹುಟ್ಟುವ ಹೊಸ ಜಾತಿಯ ಗಂತಿಯೊಂದನ್ನು ವರ್ಣಿಸಿದ. ಆರು ವರ್ಷಗಳ ಮೇಲೆ, 1902ರಲ್ಲಿ, ಶ್ಲಾಗೆನ್‌ಹಾಫರ್ ಎಂಬಾತ ಅದು ಅಂಡಾಶಯದ ಸ್ವಂತ ಗಂತಿಯೇ ಅಲ್ಲವೆಂದೂ ಬೇರೆಡೆಯಿಂದ, ಹೆಚ್ಚಾಗಿ ಜಠರದ ಕ್ಯಾನ್ಸರಿನಿಂದ, ವಲಸೆ ಬಂದದ್ದೆಂದೂ ತೋರಿಸಿದ. ಆದರೂ ಆ ಗಂತಿಗೆ ಇಂದಿಗೂ ಕ್ರುಕೆನ್‌ಬರ್ಗನ ಹೆಸರೇ ಉಳಿದಿದೆ. ಬಾಡಿಗೆಗೆ ಬಂದವನು ಮನೆಯ ಯಜಮಾನನೆಂದು ದಾಖಲೆಯಾದಂತೆ! ಎಲ್ಲಿ ಸಿಕ್ಕಿತು ಎಂಬುದು ಒಂದು ಪ್ರಶ್ನೆ; ಎಲ್ಲಿ ಹುಟ್ಟಿತು ಎಂಬುದು ಬೇರೆಯೇ ಪ್ರಶ್ನೆ.

ಈ ಜ್ಞಾನವೆಲ್ಲ ನಮ್ಮ ದೋಆಬಿನ ಹಳ್ಳಿಗೆ ತಲುಪಲು ಬಹುಕಾಲ ಹಿಡಿಯಿತು. ಮುಂಬಯಿಯಿಂದ ಬಂದ ರೈಲುಹಾದಿಯೂ ಮದರಾಸಿನಿಂದ ಬಂದ ರೈಲುಹಾದಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ಹಾದಿಯ ಒಂದು ತುದಿಯಲ್ಲಿ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಇನ್ನೊಂದು ತುದಿಯಲ್ಲಿ, ಅಡ್ಯಾರಿನಲ್ಲಿ, ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಕ್ಯಾನ್ಸರ್ ಸಂಸ್ಥೆ ಆರಂಭವಾಯಿತು. ತಮ್ಮ ತಂಗಿಯ ಕ್ಯಾನ್ಸರನ್ನು ಆಮಶಂಕೆಯೆಂದು ವೈದ್ಯರು ಬಗೆದದ್ದರಿಂದ ಆಕೆಯನ್ನು ಕಳೆದುಕೊಂಡ ದುಃಖವೇ ಆ ಸಂಸ್ಥೆಯ ಬೀಜ. ಅಲ್ಲಿಯೂ ಒಂದು ತಪ್ಪು ಹೆಸರೇ ಜೀವವನ್ನು ತೆಗೆದುಕೊಂಡಿತ್ತು. 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದ ನಮ್ಮವರಿಗೆ ಹೈದರಾಬಾದಿನ ದಾರಿ ರೂಢಿ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಕಾಯಿಲೆ ಬಂದಾಗ ಕಾಲು ಆ ಕಡೆಗೇ ಎಳೆಯುತ್ತಿತ್ತು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ 1973ರಲ್ಲಿ ಆರಂಭವಾಯಿತು. ರಾಯಚೂರಿನಲ್ಲಿಯೇ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಾದದ್ದು 2007ರಲ್ಲಿ.

ಅದೇ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಡಾಶಯದ ಗಂತಿಗಳಿಗೆಲ್ಲ ಒಂದು ಸಮಾನ ವರ್ಗೀಕರಣವನ್ನು ಪ್ರಕಟಿಸಿತು. ಹೊರಪದರದ ಜೀವಕೋಶಗಳವು, ಅಂಡಬೀಜದ ಮೂಲ ಜೀವಕೋಶಗಳವು, ಹಾರ್ಮೋನುಗಳನ್ನು ಸ್ರವಿಸುವ ಒಳ ಅಂಗಾಂಶದವು ಎಂಬ ಮೂರು ದೊಡ್ಡ ಕುಲಗಳು. ಒಂದೊಂದರಲ್ಲಿಯೂ ಹಲವು ಒಳಜಾತಿಗಳು. ಅಂಡಾಶಯದ ಕ್ಯಾನ್ಸರ್ ಎಂದು ನಾವು ಏಕವಚನದಲ್ಲಿ ಹೇಳುವುದು ಬಹುವಚನವೆಂದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ನನಗೆ ತಿಳಿದ ಒಂದು ಪ್ರಸಂಗವನ್ನು ಹೇಳಬೇಕು. ಸುಮಾರು ಹದಿನೈದು ವರ್ಷಗಳ ಹಿಂದೆ ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ನನ್ನ ವಿದ್ಯಾರ್ಥಿಯೊಬ್ಬ ಎರಡು ಕಾಗದಗಳನ್ನು ಹಿಡಿದುಕೊಂಡು ಮನೆಗೆ ಬಂದ. ಅವನ ತಂಗಿಗೆ ಆಗ ಹತ್ತೊಂಬತ್ತು ವರ್ಷ. ಅಂಡಾಶಯದ ಗಂತಿಯೆಂದು ಒಂದು ಪಾರ್ಶ್ವದ ಅಂಡಾಶಯವನ್ನು ತೆಗೆದು, ಔಷಧ ಕೊಟ್ಟಿದ್ದರು. ಔಷಧ ಮುಗಿಯುವ ಹೊತ್ತಿಗೆ ಹೊಟ್ಟೆಯಲ್ಲಿ ಮತ್ತೆ ಗಡ್ಡೆ. ಸೂಜಿಯಿಂದ ಚೂರು ತೆಗೆದು ನೋಡಿದರೆ ಮೊದಲಿನ ಕಾಗದದಲ್ಲಿ ಒಂದು ಹೆಸರು, ಎರಡನೆಯದರಲ್ಲಿ ಇನ್ನೊಂದು. ‘ಇವೆರಡರಾಗ ಯಾವುದು ಸುಳ್ಳು, ಸರ್?’ ಎಂದು ಅವನು ಕೇಳಿದ. ಗಂತಿಯೊಳಗೆ ಕೂದಲು ಇತ್ತೆಂಬ ಸುದ್ದಿ ಹಳ್ಳಿಯಲ್ಲಿ ಹರಡಿ, ಇದು ಭಾನಾಮತಿ, ಆಸ್ಪತ್ರೆಯಿಂದ ಆಗುವ ಕೆಲಸವಲ್ಲ ಎಂದು ಹಿರಿಯರು ತೀರ್ಮಾನಿಸಿದ್ದರು. ಭಾನಾಮತಿಯ ಹೆದರಿಕೆ ನಮ್ಮ ಭಾಗದಲ್ಲಿ ಎಷ್ಟು ಬಲವಾದುದೆಂದು ಬಲ್ಲವರೇ ಬಲ್ಲರು. ಹೊಲ ಒತ್ತೆಯಿಟ್ಟು ತಂದ ಹಣವೂ ಮುಗಿಯುತ್ತ ಬಂದಿತ್ತು. ಪರಿಚಯದ ರೋಗವಿಜ್ಞಾನಿಯೊಬ್ಬರಲ್ಲಿಗೆ ಅವನನ್ನು ಕರೆದೊಯ್ದೆ. ಅವರು ಎರಡೂ ಕಾಗದಗಳನ್ನು ಓದಿ, ‘ಎರಡೂ ನಿಜ, ಎರಡನೆಯದು ಒಳ್ಳೆಯ ಸುದ್ದಿ’ ಎಂದರು.

ಅವರು ಅಂದು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅಂಡಬೀಜದ ಮೂಲ ಜೀವಕೋಶಕ್ಕೆ ಇಡೀ ದೇಹವನ್ನು ಕಟ್ಟುವ ಶಕ್ತಿಯಿದೆ. ಅದು ಕೆಟ್ಟು ಗಂತಿಯಾದರೆ ಒಳಗೆ ಕೂದಲು, ಹಲ್ಲು, ಮೂಳೆ, ಚರ್ಮ ಎಲ್ಲವೂ ಬೆಳೆಯಬಹುದು. ಇದಕ್ಕೆ ಟೆರಟೋಮ ಎಂದು ಹೆಸರು. ಮಾಟಮಂತ್ರದ ಮಾತೇ ಇಲ್ಲ. ಅಂಗಾಂಶಗಳು ಬಲಿತಿದ್ದರೆ ಗಂತಿ ಸಾಧು. ಭ್ರೂಣದಂತೆ ಬಲಿಯದೆ ಇದ್ದರೆ ಅದು ಕ್ಯಾನ್ಸರಿನಂತೆ ಹರಡುತ್ತದೆ. ಬಲಿಯದ ಗಂತಿಗೆ ಔಷಧ ಕೊಟ್ಟಾಗ ದುಷ್ಟ ಅಂಶ ನಾಶವಾಗಿ ಬಲಿತ ಅಂಶವಷ್ಟೇ ಉಳಿಯುವುದನ್ನು ಅಮೆರಿಕದ ಫಿಲಿಪ್ ಡಿಸಾಯಾ ಮತ್ತು ಸಂಗಡಿಗರು 1977ರಲ್ಲಿ ವರದಿ ಮಾಡಿದರು. ಆ ಉಳಿದ ಭಾಗ ಕೆಲವೊಮ್ಮೆ ಸುಮ್ಮನಿರದೆ ಗಾತ್ರದಲ್ಲಿ ಬೆಳೆಯುತ್ತದೆ. ಗಂಡಸರ ವೃಷಣದ ಗಂತಿಗಳಲ್ಲಿ ಇದನ್ನು ಗುರುತಿಸಿದ ಲೋಗೊಥೆಟಿಸ್ ಮತ್ತು ಸಂಗಡಿಗರು 1982ರಲ್ಲಿ ಇದನ್ನು ಬೆಳೆಯುವ ಟೆರಟೋಮ ಲಕ್ಷಣಕೂಟವೆಂದು ಕರೆದರು. ಅಂಡಾಶಯದಲ್ಲಿಯೂ ಇದೇ ನಡೆಯುತ್ತದೆಂದು ಮುಂದೆ ತಿಳಿಯಿತು. ರಕ್ತದಲ್ಲಿ ಕ್ಯಾನ್ಸರಿನ ಕುರುಹಾದ ದ್ರವ್ಯಗಳು ಇಳಿದಿರುತ್ತವೆ, ಗಡ್ಡೆ ಮಾತ್ರ ದೊಡ್ಡದಾಗುತ್ತಿರುತ್ತದೆ. ಇದಕ್ಕೆ ಔಷಧ ನಾಟುವುದಿಲ್ಲ; ಶಸ್ತ್ರಕ್ರಿಯೆಯೇ ದಾರಿ. ಮೊದಲಿನ ಹೆಸರನ್ನೇ ನಂಬಿ ಇನ್ನಷ್ಟು ಔಷಧ ಹಾಕಿದ್ದರೆ ಹುಡುಗಿ ಔಷಧದಿಂದಲೇ ಬಳಲುತ್ತಿದ್ದಳು. ರೋಗ ಗೆದ್ದಿತೆಂದು ಮನೆಗೆ ಕರೆದೊಯ್ದಿದ್ದರೆ ಗಡ್ಡೆ ಒಳಗಿನ ಅಂಗಗಳನ್ನು ಒತ್ತುತ್ತಿತ್ತು. ಆಕೆಗೆ ಶಸ್ತ್ರಕ್ರಿಯೆಯಾಯಿತು. ಈಗ ಮಾನ್ವಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಒಬ್ಬ ಮಗನ ತಾಯಿ.

ಎಲ್ಲರ ಪಾಲಿಗೂ ಎರಡನೆಯ ಹೆಸರು ಒಳ್ಳೆಯ ಸುದ್ದಿಯಾಗಿರುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಹೆಸರು ಬದಲಾಗುವುದಕ್ಕೆ ಹಲವು ಕಾರಣಗಳುಂಟು. ಮೊದಲನೆಯದು, ಗಂತಿಯಲ್ಲಿ ಆರಂಭದಿಂದಲೇ ಎರಡು ಬಗೆಯ ಜೀವಕೋಶಗಳು ಬೆರೆತಿರುವುದು. ನಮ್ಮ ಒಕ್ಕಲಿಗರಿಗೆ ಇದು ಬೇಗ ತಿಳಿಯುತ್ತದೆ: ತುಂಗಭದ್ರಾ ಕಾಲುವೆಯ ನೀರುಂಡ ಗದ್ದೆಗೆ ಕಳೆನಾಶಕ ಹೊಡೆದರೆ ಅಗಲ ಎಲೆಯ ಕಳೆ ಸತ್ತು, ಮರೆಯಲ್ಲಿದ್ದ ಹುಲ್ಲಿನ ಜಾತಿಯ ಕಳೆ ತಲೆಯೆತ್ತುತ್ತದೆ. ಎರಡನೆಯದು, ಅದೇ ಜೀವಕೋಶಗಳು ಕಾಲಕ್ರಮದಲ್ಲಿ ತಮ್ಮ ಸ್ವರೂಪವನ್ನು ಬದಲಿಸುವುದು. ಮೆಲ್ಲನೆ ಬೆಳೆಯುವ ಜಾತಿ ಉಗ್ರವಾಗಬಹುದು. ಕಾರ್ಸಿನೋಮ ಮರಳಿ ಬರುವಾಗ ಕಾರ್ಸಿನೋಸಾರ್ಕೋಮವಾಗಿ ಬರಬಹುದು. ಇದನ್ನು ಹಿಂದೆ ಎರಡು ಗಂತಿಗಳ ಕೂಟವೆಂದು ಬಗೆದಿದ್ದರು. ಬಹುಮಟ್ಟಿಗೆ ಒಂದೇ ಮೂಲದಿಂದ ಕವಲೊಡೆದದ್ದೆಂಬುದು ಇಂದಿನ ತಿಳಿವಳಿಕೆ. ಮೂರನೆಯದು, ನಿಜವಾಗಿಯೂ ಹೊಸ ರೋಗವೇ ಹುಟ್ಟುವುದು. 1994ರಲ್ಲಿಯೂ 1995ರಲ್ಲಿಯೂ ಗುರುತಿಸಲಾದ ಬಿಆರ್‌ಸಿಎ ಎಂಬ ಎರಡು ವಂಶವಾಹಿಗಳಲ್ಲಿ ದೋಷವಿದ್ದರೆ ಒಬ್ಬ ಸ್ತ್ರೀಗೆ ಸ್ತನದಲ್ಲಿಯೂ ಅಂಡಾಶಯದಲ್ಲಿಯೂ ಬೇರೆ ಬೇರೆ ಕ್ಯಾನ್ಸರುಗಳು ಬರುವ ಸಂಭವ ಹೆಚ್ಚು. ನಾಲ್ಕನೆಯದು ಮನಸ್ಸಿಗೆ ನೋವು ತರುವಂಥದು: ಚಿಕಿತ್ಸೆಯಿಂದಲೇ ಇನ್ನೊಂದು ರೋಗ. ಹಿಂದೆ ಕೊಡುತ್ತಿದ್ದ ಒಂದು ವರ್ಗದ ಔಷಧಗಳನ್ನು ಪಡೆದ ಅಂಡಾಶಯದ ಕ್ಯಾನ್ಸರಿನ ರೋಗಿಗಳಲ್ಲಿ ಕೆಲವರಿಗೆ ರಕ್ತದ ಕ್ಯಾನ್ಸರ್ ಬಂದದ್ದನ್ನು 1977ರಲ್ಲಿಯೇ ಅಮೆರಿಕದ ಸಂಶೋಧಕರು ಎತ್ತಿ ತೋರಿಸಿದರು. ಇವಲ್ಲದೆ ಕ್ರುಕೆನ್‌ಬರ್ಗನ ಕಥೆಯಂತೆ ಬೇರೆ ಅಂಗದಿಂದ ವಲಸೆ ಬಂದದ್ದೂ ಇರಬಹುದು.

ಅಂಡಾಶಯದ ಕ್ಯಾನ್ಸರ್ ಮರಳಿ ಬಂದಾಗ ಬಹುಪಾಲು ಮೊದಲಿನ ಜಾತಿಯದೇ ಆಗಿರುತ್ತದೆ. ಆದ್ದರಿಂದಲೇ ಹಳೆಯ ಹೆಸರನ್ನೇ ಮುಂದುವರಿಸುವ ಮೋಹ ಬಲವಾಗಿರುತ್ತದೆ. ಹೆಸರು ಬದಲಾದರೆ ಚಿಕಿತ್ಸೆ ಬದಲಾಗುತ್ತದೆ. ಹೊರಪದರದ ಕ್ಯಾನ್ಸರಿಗೆ ಸಾಮಾನ್ಯವಾಗಿ ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್. ಅಂಡಬೀಜದ ಜೀವಕೋಶಗಳದಕ್ಕೆ ಬ್ಲಿಯೊಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್. ಜಠರದಿಂದ ಬಂದದ್ದಕ್ಕೆ ಜಠರದ ಚಿಕಿತ್ಸೆ. ಬಲಿತ ಟೆರಟೋಮಕ್ಕೆ ಶಸ್ತ್ರ. ಮರಳಿ ಬಂದ ಗಂತಿ ಮೊದಲಿನಂತೆ ವರ್ತಿಸದಿದ್ದರೆ, ಸಾಧ್ಯವಿದ್ದಾಗಲೆಲ್ಲ ಅದರ ಚೂರನ್ನು ಹೊಸದಾಗಿ ಪರೀಕ್ಷಿಸಬೇಕು, ಹಳೆಯ ಚೂರಿನೊಡನೆ ಹೋಲಿಸಬೇಕು ಎಂಬುದು ಈ ಚರಿತ್ರೆಯಿಂದ ಬಂದ ಪಾಠ.

ಹೋಲಿಸುವುದೆಂದರೆ ಹಳೆಯದು ಉಳಿದಿರಬೇಕಲ್ಲವೆ? ಚರಿತ್ರಕಾರನಿಗೆ ಶಾಸನವಿದ್ದಂತೆ ರೋಗವಿಜ್ಞಾನಿಗೆ ಗಾಜಿನ ಪಟ್ಟಿಯ ಮೇಲಿನ ಆ ತೆಳು ಚೂರು, ಮೇಣದ ಅಚ್ಚಿನಲ್ಲಿ ಹುದುಗಿಸಿದ ಆ ತುಣುಕು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಬಂಡೆಯೊಂದರ ಮೇಲಿನ ಬರಹವನ್ನು ಕಂಡ. ಅಲ್ಲಿಯವರೆಗೆ ಸಿಕ್ಕ ಧರ್ಮಲಿಪಿಗಳಲ್ಲೆಲ್ಲ ದೇವಾನಾಂಪ್ರಿಯನೆಂಬ ಬಿರುದಷ್ಟೇ ಇತ್ತು; ಆ ಬಿರುದಿನವನೇ ಅಶೋಕನೆಂದು ಕಲ್ಲೇ ನುಡಿದದ್ದು ಮಸ್ಕಿಯಲ್ಲಿ ಮೊದಲು. ಎರಡು ಹೆಸರುಗಳ ಹಿಂದಿರುವವನು ಒಬ್ಬನೋ ಇಬ್ಬರೋ ಎಂಬ ಪ್ರಶ್ನೆಗೆ ಊಹೆ ಸಾಲದು, ಕಲ್ಲು ಬೇಕಾಯಿತು. ರೋಗಿಯ ಹೊಟ್ಟೆಯೊಳಗಿನ ಎರಡು ಹೆಸರುಗಳಿಗೂ ಇದೇ ನ್ಯಾಯ.

ಮಾನ್ವಿಯಿಂದಲೋ ದೇವದುರ್ಗದಿಂದಲೋ ಬಸ್ಸು ಹತ್ತಿ ರಾಯಚೂರಿಗೆ, ಅಲ್ಲಿಂದ ಕಲಬುರಗಿಗೋ ಹೈದರಾಬಾದಿಗೋ ಬೆಂಗಳೂರಿಗೋ ಅಲೆಯುವ ಕುಟುಂಬದ ಕೈಯಲ್ಲಿ ಪ್ಲಾಸ್ಟಿಕ್ ಚೀಲದ ಕಾಗದಗಳಿಗಿಂತ ದೊಡ್ಡ ಆಸ್ತಿಯಿಲ್ಲ. ಹೊಲದ ಪಹಣಿಯನ್ನು ಕಾಯ್ದಿಡುವವರು ಆಸ್ಪತ್ರೆಯ ವರದಿಯನ್ನೂ ಹಾಗೆಯೇ ಕಾಯ್ದಿಡಬೇಕು. ಗಾಜಿನ ಪಟ್ಟಿ, ಮೇಣದ ಅಚ್ಚುಗಳು ಎಲ್ಲಿವೆಯೆಂದು ಕೇಳಿ ತಿಳಿದುಕೊಳ್ಳಬೇಕು. ಬೇರೆ ಆಸ್ಪತ್ರೆಗೆ ಹೋಗುವಾಗ ಅವನ್ನು ಕೇಳಿ ಪಡೆಯಬೇಕು. ಅದಕ್ಕೂ ಮೊದಲು, ನಮ್ಮ ಮನೆಯ ಹೆಂಗಸರು ಹೊಟ್ಟೆ ಉಬ್ಬುತ್ತಿದೆ, ಎರಡು ತುತ್ತಿಗೇ ಸಾಕೆನ್ನಿಸುತ್ತದೆ, ಕಿಬ್ಬೊಟ್ಟೆ ನೋಯುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನ್ನಿಸುತ್ತದೆ ಎಂದು ವಾರಗಟ್ಟಲೆ ಹೇಳಿದರೆ ಅದು ಗ್ಯಾಸು, ವಾಯು ಎಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಆಕೆ ಹೇಳುವುದಕ್ಕೆ ನಾಚದ ಹಾಗೆ ನಾವು ಕೇಳಬೇಕು.

ಸುಶ್ರುತನಿಗೆ ಎರಡನೆಯ ಅರ್ಬುದ ಅಸಾಧ್ಯವಾಗಿತ್ತು; ಇಂದು ಕೆಲವು ಸಾಧ್ಯ, ಕೆಲವು ಇನ್ನೂ ಅಸಾಧ್ಯ. ಯಾವುದು ಯಾವುದೆಂದು ತಿಳಿಯಬೇಕಾದರೆ ಮರಳಿ ಬಂದದ್ದನ್ನು ಹೊಸ ಕಣ್ಣಿನಿಂದ ನೋಡಿ ಅದರ ಹೆಸರನ್ನು ಮತ್ತೊಮ್ಮೆ ಕೇಳಬೇಕು. ಹಳೆಯ ಕಾಗದಗಳನ್ನು ಜೋಪಾನವಾಗಿಟ್ಟ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಬೇಗ ಸಿಕ್ಕುತ್ತದೆ.